ಜೆಪ್ಪುವಿನ ಹೊಳೆದಂಡೆ ಖಾಲಿ ಬಿದ್ದಿರಲಿಲ್ಲ

ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರಿಗೆ, ಮತ್ತು ನಮ್ಮ ಊರಿನ ಎಲ್ಲರಿಗೆ,

ನಮಸ್ಕಾರ.

ಮೊನ್ನೆ ಭಾನುವಾರ ಸಂಜೆ ನಮ್ಮ ಜೆಪ್ಪುವಿನಲ್ಲಿ ನೇತ್ರಾವತಿ ಹೊಳೆ ಬದಿಯಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಆರೇಳು ವರ್ಷ ಇರಬಹುದು. ಅವನು ಕೇಳಿದ, "ಪಪ್ಪಾ, ಇಲ್ಲಿ ಮೊದಲು ಎಂತ ಇತ್ತು?" ಅವರು ಹೇಳಿದರು, "ಎಂತದ್ದೂ ಇರ್ಲಿಲ್ಲ ಮಗಾ, ಬರೀ ಪೊದೆ."

ಅವರದ್ದು ತಪ್ಪಲ್ಲ. ಅವರಿಗೆ ಯಾರೂ ಹೇಳಿಲ್ಲ. ಅಲ್ಲಿ ಒಂದು ಬೋರ್ಡು ಇಲ್ಲ, ಶಾಲೆಯ ಪುಸ್ತಕದಲ್ಲಿ ಒಂದು ಪುಟ ಇಲ್ಲ. ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ, ಯಾಕಂದ್ರೆ ಅವರು ತೋರಿಸಿದ ಆ ಪೊದೆಯ ಕಡೆಗೇ ನನ್ನ ಅಜ್ಜಿ ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಹೋಗುತ್ತಿದ್ದರು, ಸಂಜೆ ಕಾಲಿಗೆಲ್ಲ ಮಣ್ಣು ಮೆತ್ತಿಕೊಂಡು ಬರುತ್ತಿದ್ದರು. ಹಾಗೆ ಒಂದು ಆಯುಷ್ಯ ಕಳೆಯಿತು. ಅದಕ್ಕೆ ಈ ಪತ್ರ.

ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಬಂತು. ಆಮೇಲೆ ನೇತ್ರಾವತಿ ಸೇತುವೆ ಕಡೆಯಿಂದ ಬೋಳಾರದ ತನಕ ಹೊಳೆ ಬದಿಯಲ್ಲಿ ನಡೆಯುವ ದಾರಿಯ ಯೋಜನೆ ಬಂತು. ನನಗೆ ಅದರ ಬಗ್ಗೆ ವಿರೋಧ ಇಲ್ಲ. ನಮ್ಮ ಕಡೆಯ ಮಕ್ಕಳಿಗೂ ಗಾಳಿ ಬೇಕು, ವಯಸ್ಸಾದವರಿಗೆ ಕೂರಲು ಕಟ್ಟೆ ಬೇಕು. ನಾನು ಹೇಳುವುದು ಒಂದೇ ಮಾತು. ಆ ದಂಡೆ ಖಾಲಿ ಜಾಗ ಅಂತ ಎಲ್ಲೂ ಬರೆಯಬೇಡಿ, ಹಾಗೆ ಅಂದುಕೊಂಡು ಏನನ್ನೂ ಕಟ್ಟಬೇಡಿ. ಅದು ಹಂಚಿನ ಕಾರ್ಖಾನೆಗಳ ಜಾಗ, ಕೆಲಸದ ಜಾಗ. ನೂರು ವರ್ಷಕ್ಕಿಂತ ಜಾಸ್ತಿ ಕಾಲ ಸಾವಿರಾರು ಜನ ದುಡಿದ ಜಾಗ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ನಮ್ಮ ಜಾಗಗಳ ಹೆಸರನ್ನೇ ನೋಡಿ. ಜೆಪ್ಪು ಮಜಿಲ ಅಂತೇವೆ. ನಮ್ಮ ಜಿಲ್ಲೆಯಲ್ಲಿ ಗದ್ದೆಗೆ ಮೂರು ಲೆಕ್ಕ ಉಂಟು: ತಗ್ಗಿನದ್ದು ಬೈಲು, ನಡುವಿನದ್ದು ಮಜಲು, ಮೇಲಿನದ್ದು ಬೆಟ್ಟು. ಮಜಿಲ ಅಂದರೆ ಆ ನಡುವಿನ ಗದ್ದೆಯೇ. ಮಹಾಕಾಳಿಪಡ್ಪುವಿನ ಪಡ್ಪು ಅಂದರೆ ಬಯಲು. ಹೊಯಿಗೆಬಜಾರ್ ಅಂದರೆ ಹೆಸರಲ್ಲೇ ಮರಳು ಉಂಟು. ಗದ್ದೆ, ಬಯಲು, ಮರಳು, ಅದರ ಬದಿಯಲ್ಲಿ ಹೊಳೆ. ಈಗ ಅಲ್ಲಿ ಗದ್ದೆ ಹುಡುಕಿದರೂ ಸಿಗುವುದಿಲ್ಲ. ಹೆಸರು ಮಾತ್ರ ಇನ್ನೂ ಹಳೇ ನೆಲವನ್ನು ಹಿಡಿದುಕೊಂಡಿದೆ.

1834ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿಗೆ ಬಂದರು. ಅವರ ಅಚ್ಚುಕೂಟ, 1843ರ 'ಮಂಗಳೂರ ಸಮಾಚಾರ' ಪತ್ರಿಕೆ, ಅದನ್ನು ತಂದ ಮೋಗ್ಲಿಂಗ್, ಇದೆಲ್ಲ ಎಲ್ಲರಿಗೂ ಗೊತ್ತು. ಪ್ರತಿ ವರ್ಷ ಭಾಷಣ ಆಗುತ್ತದೆ, ಆಗಬೇಕಾದ್ದೇ. ಆದರೆ ಮಿಶನ್ ಸೇರಿದವರ ಹೊಟ್ಟೆಪಾಡಿನ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಜಾತಿ ಬಿಟ್ಟು ಬಂದವರಿಗೆ ಮನೆ ಹೋಗುತ್ತಿತ್ತು, ಗೇಣಿ ಗದ್ದೆ ಹೋಗುತ್ತಿತ್ತು, ಕುಲಕಸುಬೂ ಹೋಗುತ್ತಿತ್ತು. ಅವರಿಗೆ ಕೆಲಸ ಬೇಕಿತ್ತು. ಮೊದಲು ನೇಯ್ಗೆ ಬಂತು, ಅಚ್ಚಿನ ಕೆಲಸ ಬಂತು. ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲೇ, ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಶನರಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹನ್ನೆರಡು ಜನ ಕೆಲಸದವರು, ಮಣ್ಣು ಅರೆಯುವ ಯಂತ್ರ ತಿರುಗಿಸಲು ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು. ಮಂಗಳೂರು ಹಂಚು ಅಂತ ಜಗತ್ತಿಗೇ ಗೊತ್ತಾದ ವಸ್ತು ಹುಟ್ಟಿದ್ದು ಹೀಗೆ, ನಮ್ಮ ಓಣಿಯ ಕೊನೆಯಲ್ಲಿ.

ಇಲ್ಲೇ ಯಾಕೆ? ಹೊಳೆ ಬದಿಯ ಗದ್ದೆಯ ಅಡಿಯಲ್ಲಿ ಒಳ್ಳೆ ಜೇಡಿ ಮಣ್ಣು ಇತ್ತು. ಅದನ್ನು ದೋಣಿಯಲ್ಲಿ ತುಂಬಿಸಿ ನೇರ ಕಾರ್ಖಾನೆ ಬಾಗಿಲಿಗೆ ತರಬಹುದಿತ್ತು. ಸುಡಲು ಸೌದೆಯೂ ಮೇಲಿನ ಕಾಡಿನಿಂದ ಹೊಳೆಯಲ್ಲೇ ಬರುತ್ತಿತ್ತು. ಸುಟ್ಟ ಹಂಚನ್ನು ಬಂದರಿಗೆ ಮುಟ್ಟಿಸಲು ಅದೇ ಹೊಳೆ ಸಾಕು, ಅಲ್ಲಿಂದ ಮಂಜಿಗೆ, ಅಂದರೆ ಹಾಯಿಯ ಸರಕು ಹಡಗಿಗೆ, ಹೇರಿದರೆ ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾ. ಹೊಳೆ ಇಲ್ಲದಿದ್ದರೆ ಕಾರ್ಖಾನೆ ಇಲ್ಲ, ಕಾರ್ಖಾನೆ ಇಲ್ಲದಿದ್ದರೆ ನಮ್ಮ ಜೆಪ್ಪು ಇಲ್ಲ. ಮಿಶನ್‌ನವರು ಆಮೇಲೆ ಕುದ್ರೋಳಿ, ಮಲ್ಪೆ, ಅತ್ತ ಕೋಝಿಕ್ಕೋಡ್ ಕಡೆಯಲ್ಲೂ ಕಾರ್ಖಾನೆ ಹಾಕಿದರು. ಇದನ್ನು ನೋಡಿ ಊರಿನ ಬೇರೆ ಕುಟುಂಬಗಳೂ ಹಾಕಿದವು. ಹೊಳೆ ಬದಿಗೆ ಒಂದರ ಹಿಂದೆ ಒಂದು ಚಿಮಣಿ ಎದ್ದವು. ಅದೇ ಕಾಲಕ್ಕೆ ಜೆಸ್ವಿಟ್ ಪಾದ್ರಿಗಳೂ ಊರಿಗೆ ಬಂದರು. ಜೆಪ್ಪುವಿನಲ್ಲಿ ಸೆಮಿನರಿ ಆಯಿತು, ಅನಾಥ ಮಕ್ಕಳಿಗೆ ಆಶ್ರಮ ಆಯಿತು, ಮರಗೆಲಸ ಕಲಿಸುವ ವರ್ಕ್‌ಶಾಪ್ ಆಯಿತು. 1907ರಲ್ಲಿ ಶೊರನೂರಿನಿಂದ ರೈಲು ಬಂತು. ನೇತ್ರಾವತಿಯ ಸೇತುವೆ ದಾಟಿದ ರೈಲು ಮೊದಲು ಮುಟ್ಟುವುದೇ ನಮ್ಮ ಕಡೆಯನ್ನು.

ಈಗ ಕೆಲಸದ ವಿಷಯ. ಇದನ್ನು ಸ್ವಲ್ಪ ನಿಧಾನ ಹೇಳಬೇಕು.

ಹಂಚು ಅಂದರೆ ಸುಮ್ನೆ ಮಣ್ಣು ಸುಡುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಣ್ಣು ಬೇಸಿಗೆಯಲ್ಲೇ ತಂದು ರಾಶಿ ಹಾಕಬೇಕು, ಮಳೆಗಾಲದಲ್ಲಿ ಗದ್ದೆಯಿಂದ ತೆಗೆಯಲು ಆಗುವುದಿಲ್ಲ. ಆ ರಾಶಿಗೆ ನೀರು ಹಾಕಿ ಹದ ಬರಲು ಬಿಡಬೇಕು. ಆಮೇಲೆ ಕಲ್ಲು, ಬೇರು ಎಲ್ಲ ತೆಗೆದು ಯಂತ್ರದಲ್ಲಿ ಅರೆಯಬೇಕು. ಅರೆದ ಮಣ್ಣು ದಪ್ಪ ಹಾಳೆಯ ಹಾಗೆ ಹೊರಗೆ ಬರುತ್ತದೆ. ಅಚ್ಚಿಗೆ ಅಂಟಬಾರದು ಅಂತ ಎಣ್ಣೆ ಸವರಿ ಪ್ರೆಸ್ಸಿಗೆ ಇಟ್ಟು ಒತ್ತಬೇಕು. ಅಚ್ಚಿನಿಂದ ಹಂಚು ಹಲಗೆಗೆ ಬಿದ್ದ ಕೂಡಲೇ ಬದಿಯಲ್ಲಿ ಹೊರಗೆ ಬಂದ ಮಣ್ಣನ್ನು ಕತ್ತರಿಸಿ ತೆಗೆಯಬೇಕು. ಅದು ಹೆಂಗಸರ ಕೆಲಸ. ನನ್ನ ಅಜ್ಜಿಯ ಕೆಲಸ ಅದೇ.

ಕತ್ತರಿಸಿದ ಹಸಿ ಹಂಚನ್ನು ಹಲಗೆ ಸಮೇತ ತಲೆ ಮೇಲೆ ಇಟ್ಟುಕೊಂಡು ಹೋಗಿ ನೆರಳಿನ ಅಟ್ಟದಲ್ಲಿ ಜೋಡಿಸಬೇಕು. ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ. ಒಣಗಿದ ಹಂಚೇ ಎರಡು ಕೆಜಿ ಮೇಲೆ ತೂಗುತ್ತದೆ, ಹಸಿಯದ್ದು ಇನ್ನೂ ಭಾರ, ಅಂಥದ್ದನ್ನು ಎರಡು ಮೂರು ಒಟ್ಟಿಗೆ ಇಟ್ಟುಕೊಂಡು ಇಡೀ ದಿನ ಅತ್ತಿಂದಿತ್ತ ನಡೆಯುವುದು, ಮಳೆಗಾಲದಲ್ಲಿ ನೆಲ ಜಾರುತ್ತದೆ, ಬೀಳುವ ಹಾಗಿಲ್ಲ, ಬಿದ್ದರೆ ಹಂಚು ಹೋಯಿತು. ಅಜ್ಜಿಯ ನೆತ್ತಿಯ ನಡುವೆ ಒಂದು ಜಾಗದಲ್ಲಿ ಕೂದಲೇ ಇರಲಿಲ್ಲ. ಚಿಕ್ಕವನಿದ್ದಾಗ ನಾನು ಅಲ್ಲಿ ಕೈ ಇಟ್ಟು "ಇಲ್ಲಿ ಯಾಕೆ ಇಲ್ಲ?" ಅಂತ ಕೇಳುತ್ತಿದ್ದೆ. "ಅದು ಕಾರ್ಖಾನೆಗೆ ಕೊಟ್ಟದ್ದು" ಅನ್ನುತ್ತಿದ್ದರು.

ಒಣಗಿದ ಮೇಲೆ ಸುಡುವ ಗೂಡಿನ ಒಳಗೆ ಒಂದರ ಪಕ್ಕ ಒಂದು ನಿಲ್ಲಿಸಿ, ಬಾಗಿಲನ್ನು ಇಟ್ಟಿಗೆ ಮಣ್ಣು ಹಾಕಿ ಮುಚ್ಚಿ, ಹಗಲು ರಾತ್ರಿ ಬೆಂಕಿ ಹಾಕುತ್ತಿದ್ದರು. ಬೆಂಕಿ ನೋಡಿಕೊಳ್ಳುವವನು ಬಣ್ಣ ನೋಡಿಯೇ ಬಿಸಿ ಎಷ್ಟು ಅಂತ ಹೇಳುತ್ತಿದ್ದ. ತಣಿದ ಮೇಲೆ ಹೊರಗೆ ತಂದು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಗಂಟೆಯ ಹಾಗೆ ಟಣ್ ಅಂದರೆ ಒಳ್ಳೆಯದು. ಮಂದ ಶಬ್ದ ಬಂದರೆ ಒಳಗೆ ಬಿರುಕು. ಅಜ್ಜಿ ಸಾಯುವ ತನಕ ಮನೆಯಲ್ಲಿ ಯಾವ ಪಾತ್ರೆ ತಂದರೂ, ತೆಂಗಿನಕಾಯಿ ತಂದರೂ, ಮೊದಲು ಹಾಗೆ ತಟ್ಟಿ ಕಿವಿ ಕೊಡುತ್ತಿದ್ದರು.

ನಮ್ಮ ಮನೆಯ ಮಾಡು ಇಳಿಸಿದಾಗ ನಾನು ಒಂದು ಹಂಚು ತೆಗೆದಿಟ್ಟಿದ್ದೇನೆ. ಈ ಪತ್ರ ಬರೆಯುವಾಗ ಎದುರಿಗೇ ಉಂಟು. ಮೇಲಿನ ಬದಿ ಮಳೆಗೆ ಕಪ್ಪಾಗಿದೆ, ಪಾಚಿಯ ಕಲೆ. ಮಗುಚಿದರೆ ಕೆಳಗಿನ ಬದಿ ಇನ್ನೂ ಕೆಂಪು, ನಿನ್ನೆ ಸುಟ್ಟ ಹಾಗೆ. ಅಲ್ಲಿ ಕಂಪನಿಯ ಹೆಸರು, ಮಂಗಳೂರು, 1865 ಅಂತ ಉಬ್ಬು ಅಕ್ಷರ. ಅದರ ಪಕ್ಕ, ಒಂದು ಮೂಲೆಯಲ್ಲಿ, ನಾಲ್ಕು ಬೆರಳಿನ ಗುರುತು. ಹಸಿ ಇರುವಾಗ ಯಾರೋ ಹಿಡಿದದ್ದು, ಸ್ವಲ್ಪ ಗಟ್ಟಿಯಾಗಿಯೇ ಹಿಡಿದದ್ದು, ಹಾಗೇ ಸುಟ್ಟು ಉಳಿದುಬಿಟ್ಟಿದೆ. ಸಣ್ಣ ಬೆರಳು. ಹೆಂಗಸಿನದ್ದೇ ಇರಬೇಕು. ಕಿರುಬೆರಳಿನ ಗುರುತಿನಲ್ಲಿ ನನ್ನ ಬೆರಳು ಹೊಗುವುದಿಲ್ಲ. ಕಂಪನಿಯ ಹೆಸರು ಪುಸ್ತಕದಲ್ಲಿ ಉಂಟು, ಮ್ಯೂಸಿಯಮ್ಮಿನಲ್ಲಿ ಉಂಟು. ಈ ಬೆರಳಿನವಳ ಹೆಸರು ಎಲ್ಲಿ ಉಂಟು ಸ್ವಾಮಿ? ನಾನು ಕೇಳುತ್ತಿರುವುದು ಅದನ್ನೇ.

ಕಾರ್ಖಾನೆಯ ದಿನಗಳೆಲ್ಲ ಚಿನ್ನದ ದಿನಗಳು ಅಂತ ನಾನು ಹೇಳುವುದಿಲ್ಲ. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಕೂಲಿ. ಧೂಳು, ಬೆಂಕಿಯ ಬಿಸಿ, ಬೆನ್ನು ನೋವು. ಆದರೆ ಒಂದು ಸಂಗತಿ ನಿಜ. ಬೇರೆ ಬೇರೆ ಕೇರಿಯವರು, ಬೇರೆ ಬೇರೆ ಜಾತಿ ಮತದವರು ಒಂದೇ ಅಟ್ಟದ ಕೆಳಗೆ ಒಟ್ಟಿಗೆ ನಿಂತದ್ದು ಇಲ್ಲಿ. ಬಿಲ್ಲವರು, ಕ್ರಿಸ್ತರು, ದಲಿತರು, ಬ್ಯಾರಿಗಳು, ಮೊಗವೀರರು. ಊರಿನಲ್ಲಿ ಒಬ್ಬರ ಬಾವಿಗೆ ಇನ್ನೊಬ್ಬರು ಹೋಗದ ಕಾಲದಲ್ಲಿ ಇವರೆಲ್ಲ ಒಂದೇ ಮಣ್ಣು ಮುಟ್ಟುತ್ತಿದ್ದರು. ತುಳು, ಕೊಂಕಣಿ, ಬ್ಯಾರಿ ಭಾಷೆ, ಕನ್ನಡ ಎಲ್ಲ ಕಲೆತ ಒಂದು ಮಾತು ನಮ್ಮ ಕಡೆ ಇನ್ನೂ ಉಂಟು. ಅದು ಕಾರ್ಖಾನೆಯಲ್ಲಿ ಹುಟ್ಟಿದ ಮಾತು ಅಂತ ನನ್ನ ನಂಬಿಕೆ.

ಮೊದಲ ಮಹಾಯುದ್ಧ ಬಂದಾಗ ಜರ್ಮನ್ನರದ್ದು ಅಂತ ಮಿಶನ್‌ನ ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ವಶ ಮಾಡಿಕೊಂಡಿತು. 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಕೈಗೆ ಹೋದವು. ಯಜಮಾನರು ಬದಲಾದರು, ತಲೆ ಮೇಲಿನ ಹಲಗೆ ಬದಲಾಗಲಿಲ್ಲ. ಮೂವತ್ತು ನಲವತ್ತರ ದಶಕದಲ್ಲಿ ಸಂಘ ಕಟ್ಟುವವರು ಬಂದರು. ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರಂಥವರು ಹಂಚಿನ ಕೆಲಸದವರ, ಗೇರುಬೀಜದ ಕೆಲಸದವರ ನಡುವೆ ಓಡಾಡಿ ಸಂಘ ಬೆಳೆಸಿದರು. ಇವತ್ತು ಎಂಟು ಗಂಟೆ ಕೆಲಸ, ವಾರಕ್ಕೊಂದು ರಜೆ, ಪಿಎಫ್ ಅಂತ ನಾವು ಸಲೀಸಾಗಿ ಮಾತಾಡುತ್ತೇವೆ ಅಲ್ವಾ? ಅದಕ್ಕೆ ಗೇಟಿನ ಹೊರಗೆ ಮಳೆಯಲ್ಲಿ ನಿಂತವರು ನಮ್ಮ ಓಣಿಯ ಜನ.

ಮತ್ತೆ ಬೀಡಿ. ಬೀಡಿ ಹೇಳದೆ ನಮ್ಮ ಕಡೆಯ ಚರಿತ್ರೆ ಆಗುವುದಿಲ್ಲ. ಗಂಡಸರು ಕಾರ್ಖಾನೆಗೆ, ಬಂದರಿಗೆ ಹೋದರೆ ಮನೆಯಲ್ಲಿ ಹೆಂಗಸರ ಮಡಿಲಲ್ಲಿ ಬೀಡಿಯ ತಡ್ಪೆ, ಅಂದರೆ ಮೊರ. ನನ್ನ ಅಮ್ಮ ಎಲೆ ಕತ್ತರಿಸುತ್ತಾ ನಮಗೆ ಮಗ್ಗಿ ಹೇಳಿಸುತ್ತಿದ್ದರು. ವಾರಕ್ಕೆ ಇಷ್ಟು ಸಾವಿರ ಅಂತ ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗಿ ಕೊಟ್ಟು, ಸರಿಯಿಲ್ಲ ಅಂತ ತೆಗೆದು ಹಾಕಿದ್ದನ್ನು ಸುಮ್ಮನೆ ಸಹಿಸಿ, ಉಳಿದದ್ದಕ್ಕೆ ದುಡ್ಡು ತಂದು ನಮ್ಮ ಫೀಸು ಕಟ್ಟುತ್ತಿದ್ದರು. 1966ರಲ್ಲಿ ಬೀಡಿ ಕೆಲಸದವರಿಗೆ ಅಂತಲೇ ಕೇಂದ್ರದ ಕಾಯ್ದೆ ಬಂತು, ಮನೆಯಲ್ಲಿ ಕೂತು ಕಟ್ಟುವವರೂ ಕೆಲಸಗಾರರೇ ಅಂತ ಲೆಕ್ಕಕ್ಕೆ ಬಂದರು. ನಮ್ಮ ಓಣಿಯ ಟೀಚರುಗಳು, ನರ್ಸುಗಳು, ಗಲ್ಫಿಗೆ ಹೋದವರು, ಎಲ್ಲರ ಹಿಂದೆ ಒಂದು ತಡ್ಪೆ ಉಂಟು.

ಕಾರ್ಖಾನೆಗಳು ಹೋದದ್ದು ಒಂದೇ ದಿನದಲ್ಲಿ ಅಲ್ಲ. ಮೊದಲು ಮನೆಗಳಿಗೆ ತಾರಸಿ ಬಂತು, ಹಂಚಿನ ಬೇಡಿಕೆ ಇಳಿಯಿತು. ಮಣ್ಣು ದೂರ ಆಯಿತು, ಗದ್ದೆ ಅಗೆಯಲು ಕಷ್ಟ ಆಯಿತು. ಸೌದೆಯ ರೇಟು ಏರಿತು. ಒಂದರ ನಂತರ ಒಂದು ಬಾಗಿಲು ಹಾಕಿದವು. ಹೊಳೆ ಬದಿಯ ನೆಲದ ಬೆಲೆ ಮಾತ್ರ ಅದೇ ಹೊತ್ತಿಗೆ ಏರುತ್ತಾ ಹೋಯಿತು. ಬೆಳಿಗ್ಗೆ ಸೈರನ್ ಕೂಗಿದರೆ ಅನ್ನಕ್ಕೆ ಇಡುತ್ತಿದ್ದ ಮನೆಗಳಲ್ಲಿ ಗಡಿಯಾರ ತರಬೇಕಾಯಿತು.

ಈಗ ಈ ನೆಲದಲ್ಲಿ ಉಳಿದವರ ವಿಷಯ. ನಮ್ಮ ಕಡೆಯ ಎಷ್ಟೋ ಮನೆಗಳು ಮೂಲಗೇಣಿಯವು. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಮನೆ ನಮ್ಮದು, ನೆಲ ಇನ್ನೊಬ್ಬರದ್ದು, ವರ್ಷಕ್ಕೆ ಇಷ್ಟು ಅಂತ ಗೇಣಿ, ಅದು ಅಜ್ಜನಿಂದ ಮೊಮ್ಮಗನಿಗೆ ನಡೆದುಕೊಂಡು ಬರುತ್ತದೆ. ಮೂಲಗೇಣಿದಾರರಿಗೆ ನೆಲದ ಒಡೆತನ ಕೊಡಲು ರಾಜ್ಯ ಸರ್ಕಾರ 2011ರಲ್ಲಿ ಕಾಯ್ದೆ ಮಾಡಿತು. ಅದು ಕೋರ್ಟಿಗೂ ಹೋಯಿತು. ನನ್ನ ಅಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಹಳೇ ಗೇಣಿ ಚೀಟಿ, ತೆರಿಗೆ ರಶೀದಿ ಎಲ್ಲ ಹಾಕಿಕೊಂಡು ಒಂದು ಕಚೇರಿಗೆ ಐದು ಸಲ ಹೋದರು. ಪ್ರತಿ ಸಲ ಇನ್ನೊಂದು ಕಾಗದ ಬೇಕು ಅಂದರು. ಐದನೇ ಸಲ ಅಲ್ಲಿ ಕೂತ ಹುಡುಗ ಹೇಳಿದ, "ನೀವು ಇಷ್ಟು ವರ್ಷ ಇಲ್ಲೇ ಇದ್ದದ್ದಕ್ಕೆ ಎಂತ ಆಧಾರ?" ಅಮ್ಮ ವಾಪಸ್ ಬಂದು ಚೀಲವನ್ನು ಮೊಳೆಗೆ ನೇತುಹಾಕಿದರು. ಅವತ್ತಿನಿಂದ ಅದರ ಸುದ್ದಿ ಎತ್ತಲಿಲ್ಲ. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನ ಫೈಲಿನಲ್ಲಿ ಇರುವ ಜಾಗ ಒಂದು ಸರ್ವೆ ನಂಬರು, ಅಷ್ಟೇ. ಅದಕ್ಕೇ ನಾನು ಚರಿತ್ರೆ, ಚರಿತ್ರೆ ಅಂತ ಇಷ್ಟು ಹೇಳುತ್ತಿರುವುದು. ಒಂದು ಜಾಗದಲ್ಲಿ ಮೊದಲು ಏನೂ ಇರಲಿಲ್ಲ ಅಂತ ಒಮ್ಮೆ ಬರೆದರೆ, ಅಲ್ಲಿ ಇರುವವರೂ ನಾಳೆ ಇಲ್ಲ ಅಂತ ಆಗುತ್ತಾರೆ. 1923ರ ನೆರೆಯಲ್ಲಿ, 1974ರ ನೆರೆಯಲ್ಲಿ ನೇತ್ರಾವತಿ ಏರಿದ ಕಥೆಯನ್ನು ಕೇಳುತ್ತಾ ಬೆಳೆದವರು ನಾವು. ನೀರು ಬಂದಾಗ ಬಿಟ್ಟು ಹೋಗದವರು, ಬೆಲೆ ಬಂದಾಗ ಬಿಟ್ಟು ಹೋಗಬೇಕಾಗಿ ಬಂದರೆ ಅದು ಅನ್ಯಾಯ.

ಹಾಗಾದರೆ ನಾನು ಎಂತ ಕೇಳುತ್ತಿದ್ದೇನೆ?

ಆಯುಕ್ತರೇ, ದೊಡ್ಡ ಖರ್ಚಿನದ್ದು ಏನೂ ಇಲ್ಲ. ಜೆಪ್ಪು, ಬೋಳಾರ, ಹೊಯಿಗೆಬಜಾರ್ ಕಡೆಯಲ್ಲಿ ಹಂಚಿನ ಕಾರ್ಖಾನೆಗಳ ಗುರುತು ಏನೆಲ್ಲ ಉಳಿದಿದೆ ಅಂತ ಮೊದಲು ಒಂದು ಪಟ್ಟಿ ಮಾಡಿಸಿ. ಚಿಮಣಿ, ಸುಡುವ ಗೂಡು, ದೋಣಿ ನಿಲ್ಲುತ್ತಿದ್ದ ಕಟ್ಟೆ, ಒಣಗಿಸುವ ಅಟ್ಟದ ಮರದ ಕಂಬ, ಏನೇ ಇರಲಿ. ಖಾಸಗಿ ಜಾಗದಲ್ಲಿ ಇದ್ದರೆ ಅವರ ಹತ್ತಿರ ಮಾತಾಡಿ. ಒಂದು ಚಿಮಣಿಯನ್ನಾದರೂ ಬೀಳದ ಹಾಗೆ ನಿಲ್ಲಿಸಿ, ಅದರ ಬುಡದಲ್ಲಿ ಒಂದು ಹಳೇ ಪ್ರೆಸ್ ಇಡಿ, ಮಕ್ಕಳು ಮುಟ್ಟಿ ನೋಡಲಿ. ಹೊಳೆ ಬದಿಯ ದಾರಿಯಲ್ಲಿ ಬೋರ್ಡು ಹಾಕುವಾಗ ಕಂಪನಿಯ ಹೆಸರಿನ ಜೊತೆ ಕೆಲಸದ ಹೆಸರೂ ಬರಲಿ. ಮಣ್ಣು ತುಳಿದವರು, ಹಲಗೆ ಹೊತ್ತವರು, ಬೆಂಕಿ ನೋಡಿದವರು, ದೋಣಿ ನಡೆಸಿದವರು. ಕನ್ನಡದಲ್ಲಿ ಬರಲಿ, ತುಳುವಿನಲ್ಲಿ ಬರಲಿ, ಕೊಂಕಣಿ, ಬ್ಯಾರಿಯಲ್ಲೂ ಬರಲಿ. ಅವರು ಮಾತಾಡಿದ್ದು ಆ ಭಾಷೆಗಳನ್ನೇ.

ಎಲ್ಲಕ್ಕಿಂತ ಅವಸರದ್ದು ಜನ. ಕಾರ್ಖಾನೆಯಲ್ಲಿ ದುಡಿದವರಲ್ಲಿ ಇನ್ನೂ ಬದುಕಿರುವವರು ಕೆಲವೇ ಮಂದಿ. ಎಲ್ಲರಿಗೂ ವಯಸ್ಸಾಗಿದೆ. ನಮ್ಮ ಊರಿನಲ್ಲಿ ಇಷ್ಟು ಕಾಲೇಜುಗಳಿವೆ, ವಿಶ್ವವಿದ್ಯಾಲಯ ಇದೆ. ವಿದ್ಯಾರ್ಥಿಗಳನ್ನು ಕಳಿಸಿ, ಮೊಬೈಲಿನಲ್ಲೇ ಆದರೂ ಅವರ ಮಾತು ರೆಕಾರ್ಡು ಮಾಡಿಸಿ. ಹಳೇ ಹಾಜರಿ ಪುಸ್ತಕ ಯಾರ ಅಟ್ಟದಲ್ಲಾದರೂ ಇದ್ದರೆ ಗೆದ್ದಲು ತಿನ್ನುವ ಮೊದಲು ತೆಗೆಸಿ. ಮೂಲಗೇಣಿ ಕಾಗದ ಹಿಡಿದು ಬರುವ ಹೆಂಗಸರಿಗೆ ಅಂತ ವಾರ್ಡಿನಲ್ಲೇ ತಿಂಗಳಿಗೆ ಒಂದು ದಿನ ಯಾರಾದರೂ ಕೂತು, ಯಾವ ಕಾಗದ ಉಂಟು, ಯಾವುದು ಬೇಕು ಅಂತ ತಾಳ್ಮೆಯಿಂದ ಬರೆದು ಕೊಟ್ಟರೆ ಅರ್ಧ ಕಷ್ಟ ಕಡಿಮೆ ಆಗುತ್ತದೆ.

ಊರಿನವರಿಗೂ ಒಂದು ಮಾತು. ಹಳೇ ಮನೆ ಕೆಡವುವಾಗ ಹಂಚನ್ನು ಲಾರಿಗೆ ಸುರಿಯುವ ಮೊದಲು ಒಂದೊಂದನ್ನೂ ಮಗುಚಿ ನೋಡಿ ಮಾರಾಯ್ರೆ. ಕೆಲವದ್ದರಲ್ಲಿ ಬೆರಳಿನ ಗುರುತು ಇರುತ್ತದೆ. ಕೆಲವದ್ದರಲ್ಲಿ ನಾಯಿಯ ಹೆಜ್ಜೆ, ಕಾಗೆಯ ಕಾಲು. ಅಂಥದ್ದು ಸಿಕ್ಕಿದರೆ ಬಿಸಾಡಬೇಡಿ, ತೆಗೆದಿಡಿ.

ನನ್ನ ಹತ್ತಿರ ಇರುವ ಹಂಚನ್ನು ಕೊಡಲು ನಾನು ತಯಾರಿದ್ದೇನೆ. ಹೊಳೆ ಬದಿಯಲ್ಲಿ, ಮಕ್ಕಳ ಕೈಗೆ ಎಟಕುವಷ್ಟು ಎತ್ತರದಲ್ಲಿ, ಕೆಳಗಿನ ಬದಿ ಕಾಣುವ ಹಾಗೆ ಅದನ್ನು ಇಡಬೇಕು. ಜಾಗ ಯಾವುದು ಅಂತ ಹೇಳಿ, ನಾನೇ ತಂದು ಕೊಡುತ್ತೇನೆ.

ಇತಿ,
ಜೆಪ್ಪುವಿನ ಹಂಚಿನ ಕೆಲಸದವಳೊಬ್ಬಳ ಮೊಮ್ಮಗ